ಹೂ ಬಿಡುವ ಮುನ್ನ

ತಂತಿಬೇಲಿಗೆ ಸಿಕ್ಕ ತೋಳನ್ನು ಸದ್ದಾಗದಂತೆ ಬಿಡಿಸಿಕೊಂಡು ಟೀಚರ್ ಪೊದೆಯ ಹಿಂದೆ ಕುಳಿತಳು. ಬೆಳಿಗ್ಗೆ ಕಳೆ ಕಿತ್ತ ಮಣ್ಣು ಉಗುರಲ್ಲಿ ಇನ್ನೂ ಇತ್ತು. ಇಪ್ಪತ್ತು ಹೆಜ್ಜೆ ಆಚೆ ಜಮೀನಿನ ಯಜಮಾನ ಸಿಂಪಡಿಸುವ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದ್ದ.

ಅವಳ ಅನುಮಾನವೆಲ್ಲ ಆ ಕ್ಯಾನಿನ ಮೇಲೆಯೇ.

ಹೊಳೆದಂಡೆಯ ಏಳು ಜಮೀನಿನವರು ಒಂದಾಗಿ ಮೂರು ವರ್ಷ. ಉಳಿಸಹೊರಟದ್ದು ಈ ನೆಲದ್ದೇ ಆದ ನೇರಳೆ ಹೂವಿನ ಗಿಡ, ಅದನ್ನೇ ನಂಬಿದ ನೀಲಿ ಚಿಟ್ಟೆ. ಕೀಳಹೊರಟದ್ದು ಹೊರಗಿನಿಂದ ಬಂದು ಹಬ್ಬಿದ ಹಳದಿ ಹೂವಿನ ಕಳೆ. ಹೂ ಬಿಡುವ ಮೊದಲೇ ಕೀಳಬೇಕು, ಒಂದು ಬೀಜವೂ ನೆಲಕ್ಕೆ ಬೀಳಬಾರದು. ಈ ನಿಯಮ ಮಾಡಿದವಳು ಟೀಚರ್. ಮೂರು ಸೀಳಿನ ಎಲೆಯ ಚಿತ್ರ ಬರೆದು, ಕೆಳಗೆ 'ಕಳೆ' ಎಂದು ನಮೂದಿಸಿ, ಮನೆಮನೆಗೆ ಹಂಚಿದವಳೂ ಅವಳೇ. ಏಳೂ ಮನೆಯವರು ಪ್ರತಿ ಭಾನುವಾರ ಸೊಂಟ ಬಗ್ಗಿಸಿದರು. ಆದರೂ ಚಿಟ್ಟೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಈ ಸಲ ಒಂದೂ ಇಲ್ಲ.

ಎಂಟನೆಯ ಜಮೀನಿನ ಇವನು ಮಾತ್ರ ಗುಂಪಿಗೆ ಸೇರಿರಲಿಲ್ಲ. ಮೊದಲ ಸಭೆಯಲ್ಲೇ, "ಸ್ವಲ್ಪ ತಡೀರಿ. ಹೂ ನೋಡ್ಕೊಂಡು ಆಮೇಲೆ ಕಿತ್ರಾಯ್ತು" ಎಂದಿದ್ದ. ಮೈಗಳ್ಳನ ಮಾತೆಂದು ಎಲ್ಲರೂ ನಕ್ಕರು. ಅಂದಿನಿಂದ ಬೆನ್ನ ಹಿಂದೆ ಅವನು 'ತಡೀರಿ ಮಾಮ'. ಅವನು ತನ್ನ ಜಮೀನಿಗೆ ಬೇಲಿ ಹಾಕಿಕೊಂಡ.

ವಿಷ ಹೊಡೆಯುತ್ತಾನೆಂಬ ದೂರು, ಏಳು ಸಹಿಗಳ ಸಮೇತ, ಅವಳ ಚೀಲದಲ್ಲಿತ್ತು. ಸಂಜೆಯೊಳಗೆ ಪಂಚಾಯಿತಿ ಕಚೇರಿಗೆ ಕೊಟ್ಟರೆ ನಾಳೆ ಬೇಲಿ ತೆಗೆಸುತ್ತಾರೆ. ನಾಡಿದ್ದು ಗುಂಪೇ ಒಳಗಿಳಿದು ಅವನ ಜಮೀನಿನ ಕಳೆಯನ್ನೂ ಕೀಳಬಹುದು. ಕಣ್ಣಾರೆ ಕಾಣದೆ ದೂರು ಕೊಡಲು ಮನಸ್ಸೊಪ್ಪದೆ ಬಂದಿದ್ದಳು.

ಕಾಲಡಿ ಕಡ್ಡಿ ಲಟಕ್ಕೆಂದಿತು.

"ಬನ್ನಿ ಟೀಚರೇ," ಅವನು ತಿರುಗದೆಯೇ ಹೇಳಿದ. "ಏನೂ ಕೀಳ್ಬೇಡಿ, ಅಷ್ಟೇ."

ಅವಳು ಪೊದೆಯ ಮರೆಯಿಂದ ಎದ್ದು ಅವನ ಬಳಿಗೆ ನಡೆದಳು. "ಕ್ಯಾನಲ್ಲಿ ಏನಿದೆ ಯಜಮಾನ್ರೇ?"

ಅವನು ಕೊಳವೆಯಿಂದ ಬೊಗಸೆಗೆ ಬಿಟ್ಟುಕೊಂಡ. ಗಟಗಟ ಕುಡಿದ. ಮೀಸೆ ಒರೆಸಿಕೊಂಡ.

"ನಿಮಗೂ ಬೇಕಾ? ಬಾವಿ ನೀರು."

ಅವಳು ನಾಚಿ ತಲೆ ತಗ್ಗಿಸಿದಳು. ಆಗಲೇ ಗಿಡಗಳ ಸಾಲು ಕಣ್ಣಿಗೆ ಬಿತ್ತು. ಮೊಣಕಾಲೆತ್ತರ. ತುದಿ ತುಂಬ ನೇರಳೆ ಹೂ. ಹೂವಿನಿಂದ ಹೂವಿಗೆ ನೀಲಿ ರೆಕ್ಕೆಗಳು, ಹತ್ತಲ್ಲ, ನೂರು.

ಹೂವಿನ ಕೆಳಗೆ, ಅವಳೇ 'ಕಳೆ' ಎಂದು ಬರೆದು ಏಳು ಮನೆಗೆ ಹಂಚಿದ್ದ ಅದೇ ಮೂರು ಸೀಳಿನ ಎಲೆ.