ಕೇಳದೆ ಬಿಟ್ಟ ಪ್ರಶ್ನೆ

"ಸಲಾಕೆಯಿಂದ ಹೊಡೆದು ಒಬ್ಬನ ಕಣ್ಣು ತೆಗೆದವನಿಗೆ ಎರಡೇ ವರ್ಷವೇ?" ಎಂದು ಹೈಕೋರ್ಟಿನ ನ್ಯಾಯಮೂರ್ತಿಗಳು ಕಡತದಿಂದ ತಲೆಯೆತ್ತದೆ ಕೇಳಿದರು. ಪರಮಣ್ಣನ ಪರವಾಗಿ ಶಂಕರಲಿಂಗ ವಾದ ಆರಂಭಿಸಿ ಹತ್ತು ನಿಮಿಷವೂ ಆಗಿರಲಿಲ್ಲ. ಶಿಕ್ಷೆಯನ್ನು ಏಕೆ ಹೆಚ್ಚಿಸಬಾರದೆಂದು ನೋಟಿಸ್ ಹೊರಟಿತು. ಅಪೀಲನ್ನೇ ಹಿಂತೆಗೆದುಕೊಳ್ಳುತ್ತೇನೆಂದರು ಶಂಕರಲಿಂಗ. ಇನ್ನು ಆಗದು ಎಂಬ ಉತ್ತರ ಬಂತು.

ಹಿಂದಿನ ಬೆಂಚುಗಳಲ್ಲಿ ಅವರ ಲಾ ಕಾಲೇಜಿನ ಹದಿನಾಲ್ಕು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಕರೆತಂದವರು ಶಂಕರಲಿಂಗರೇ. ಆ ಸಲಾಕೆಯ ಬಗ್ಗೆ ಕೆಳಗಿನ ಕೋರ್ಟು ಆರೋಪಿಯನ್ನು ಒಂದು ಮಾತೂ ಕೇಳಿರಲಿಲ್ಲ; ಕೇಳದ ಸಂಗತಿಯನ್ನು ಅವನ ಮೇಲೆ ಹೊರಿಸುವಂತಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದರೂ ಇಷ್ಟು ಅಚ್ಚುಕಟ್ಟಾದ ಪಾಯಿಂಟು ಕೈಗೆ ಬಂದದ್ದು 2006ರ ಈ ಕೇಸಿನಲ್ಲೇ. ಅಪೀಲಿನಲ್ಲಿ ಶಿಕ್ಷೆ ಏರಲೂಬಹುದೆಂದು ವರ್ಷವರ್ಷವೂ ಕಲಿಸಿದ್ದರು, ಎರಡು ಅಂಕದ ಪ್ರಶ್ನೆಯೆಂದು.

ವರಾಂಡದಲ್ಲಿ ಪರಮಣ್ಣನ ಹೆಂಡತಿ ಭಾಗವ್ವ ಎದ್ದು ನಿಂತಳು. ತಾನಿರುವ ಮೋತಿ ಡೊಂಗರ ಕೇರಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಒಳಗಿನ ಇಂಗ್ಲಿಷ್ ಅವಳಿಗೆ ತಿಳಿದಿರಲಿಲ್ಲ.

"ಆತೇನ್ರಿ ಸರ? ಬಿಡ್ತಾರಂತ?"

"ಇಲ್ಲವ್ವ. ಶಿಕ್ಷಾ ಕಡಿಮಿ ಆಗೇತಿ ಅನ್ನಾಕತ್ತಾರ. ಹೆಚ್ಚ ಮಾಡಬೌದು."

"ಎಷ್ಟ್ರಿ?"

"ಐದು ವರ್ಷ. ಇನ್ನೂ ಹೆಚ್ಚಾದ್ರೂ ಆಗಬೌದು."

ಅವಳು ಹೊರಬರುತ್ತಿದ್ದ ವಿದ್ಯಾರ್ಥಿಗಳ ಕಡೆ ನೋಡಿದಳು. "ಇಷ್ಟು ಮಂದಿ ವಕೀಲ್ರು ಇದ್ರಲ್ರಿ."

"ಅವರು ವಕೀಲ್ರಲ್ಲವ್ವ. ಕಲಿಯಾಕ ಬಂದವರು."

"ಕಲ್ತರೇನ್ರಿ?"

ಶಂಕರಲಿಂಗ ಕರಿಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿಕೊಂಡರು.

"ಬಿಡಾಕ ಇನ್ನ ಎರಡ ತಿಂಗಳ ಇತ್ತು," ಎಂದಳು ಭಾಗವ್ವ. "ಪಂಚಮಿಗೆ ಮನ್ಯಾಗ ಇರ್ತಿದ್ದ. ಅಪೀಲ ಬ್ಯಾಡ್ರಿ, ಕುಂತ ಮುಗಿಸ್ತೇನಿ ಅಂದಿದ್ದ. ಹೆಸರ ಸ್ವಚ್ಛ ಆಗ್ತೈತಿ ಅಂದವರು ನೀವು."

"ಹೌದವ್ವ. ನಾನ."

ಅವಳು ಬೈದರೆ ಒಳ್ಳೆಯದೆನಿಸಿತು. ಪಾಯಿಂಟು ಇನ್ನೂ ಗಟ್ಟಿಯಿದೆ, ಮುಂದಿನ ತಾರೀಖಿಗೆ ಮತ್ತೆ ವಾದಿಸುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟಾದ ಮೇಲೂ ಆ ಪಾಯಿಂಟಿನ ಮೇಲೆ ತಮಗೆ ಮೋಹ ಉಳಿದಿರುವುದು ಕಂಡು ಹೇಸಿಗೆಯಾಗಿ ಬಾಯಿ ಮುಚ್ಚಿಕೊಂಡರು.

ಭಾಗವ್ವ ಬೈಯಲಿಲ್ಲ. ಕೈಚೀಲ ಎತ್ತಿಕೊಂಡು ಮೆಟ್ಟಿಲಿನವರೆಗೆ ಹೋದವಳು ನಿಂತಳು.

"ಜೇಲಿಗೆ ಹೋಗಿ ನೀವ ಹೇಳ್ರಿ ಸರ. ನಾ ಹೇಳಿದ್ರ ನಂಬಂಗಿಲ್ಲ. ನಿಮ್ಮ ಮಾತಂದ್ರ ನಂಬ್ತಾನ."