ರೆಕ್ಕೆಪುಕ್ಕ ಕಟ್ಟಿದ ಸುದ್ದಿ

ಇವತ್ತು ಒಣಗಿದ ಬಟ್ಟೆ ತೆಗೆಯುವಾಗ ಟವೆಲ್ಲಿಗೆ ಅಂಟಿದ್ದ ಕಾಗೆಯ ಗರಿ ಕಂಡು, ಕೈ ತಾನಾಗಿ ನೆತ್ತಿಗೆ ಹೋಯಿತು.

ಆಗ ನನಗೆ ಎಂಟು ವರ್ಷ. ಮರವಂತೆಯ ಮನೆಯಂಗಳದಲ್ಲಿ ಮಧ್ಯಾಹ್ನ ಒಣಮೀನು ಕಾಯುತ್ತ ಕುಳಿತಿದ್ದಾಗ ಕಾಗೆಯೊಂದು ಎರಗಿ ನನ್ನ ನೆತ್ತಿ ಮುಟ್ಟಿ ಹೋಯಿತು. ಬೆಚ್ಚಗಿನ ಕರಿ ಗರಿಯೊಂದು ಮಡಿಲಿಗೆ ಬಿತ್ತು. ಕಾಗೆ ತಲೆ ಮುಟ್ಟಿದರೆ ಸಾವು ಎಂದು ನಮ್ಮ ಕಡೆ ನಂಬುತ್ತಾರೆ. ಹಾಗೆ ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಿ ಅವರನ್ನು ಅಳಿಸಿದರೆ ದೋಷ ಕಳೆಯುತ್ತದಂತೆ. ಅಜ್ಜಿ ನನಗೆ ತಲೆಸ್ನಾನ ಮಾಡಿಸಿ, ಬೈಂದೂರಿನ ಚಿಕ್ಕಿಗೆ ಫೋನ್ ಮಾಡಿದಳು.

"ನಮ್ಮ್ ಹೆಣ್ಣ್ ಹೋಯ್ತ್ ಮಗಾ. ಕಡ್ಲ್ ಎಳ್ಕಂಡ್ ಹೋಯ್ತ್. ಒಂದ್ ಚಪ್ಲಿ ಮಾತ್ರ ಕಲ್ಲಿನ್ ಮೇಲ್ ಸಿಕ್ತ್."

ಒದ್ದೆ ಕೂದಲಲ್ಲಿ ಪಕ್ಕದಲ್ಲೇ ನಿಂತಿದ್ದ ನನಗೆ ರಿಸೀವರಿನೊಳಗೆ ಚಿಕ್ಕಿ ಅಳುವುದು ಕೇಳಿಸಿತು.

"ಸತ್ತ್ ಹೋಯ್ತ್ ಅಂದ್ರೆ ಸಾಕಾತಿತ್. ರೆಕ್ಕೆಪುಕ್ಕ ಕಟ್ಟುದ್ ಎಂತಕೆ?" ಅಂದಳು ಅಮ್ಮ.

"ಇಲ್ದಿದ್ರೆ ಅವ್ಳ್ ನಂಬುದಿಲ್ಲ," ಅಂದಳು ಅಜ್ಜಿ.

ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಫೋನ್ ಮಾಡಿ, ನಿಜ ಹೇಳಿ, ಚಿಕ್ಕಿಯಿಂದ ಚೆನ್ನಾಗಿ ಬೈಸಿಕೊಂಡು ನಕ್ಕಳು. ನಾನು ಅಂಗಳಕ್ಕೆ ಇಳಿಯಹೋದೆ. ಮೆಟ್ಟಿಲ ಬಳಿ ನನ್ನ ಜೋಡಿ ಚಪ್ಪಲಿಯಲ್ಲಿ ಒಂದೇ ಇತ್ತು.

"ನಾಯಿ ಕಚ್ಕಂಡ್ ಹೋಯಿರ್ಕ್," ಅಂದಳು ಅಮ್ಮ.

ರಸ್ತೆಯಾಚೆ ಕಡಲು ಕಲ್ಲುಗಳಿಗೆ ಬಡಿಯುತ್ತಿತ್ತು. ಹುಡುಕಿ ಬರುತ್ತೇನೆಂದು ಹೊರಟ ನನ್ನ ರಟ್ಟೆಯನ್ನು ಅಜ್ಜಿ ಹಿಡಿದಳು. ಅವಳ ಕೈ ತಣ್ಣಗಿತ್ತು. ಯಾವ ಸುದ್ದಿಯನ್ನೂ ರೆಕ್ಕೆಪುಕ್ಕ ಕಟ್ಟದೆ ಬಿಡದ ಅಜ್ಜಿ ಆಗ ಹೇಳಿದ್ದು ಎರಡೇ ಶಬ್ದ.

"ಒಳ್ಗ್ ಬಾ."