ಮೂವತ್ತೈದರ ರಸ್ತೆಯಲ್ಲಿ ಅರವತ್ತೊಂದು

ಮೊಮ್ಮಗಳು ಸುಳ್ಳು ಹೇಳುತ್ತಿದ್ದಾಳೆಂಬುದು ಥರ್ಮನ್ ಬಿಕ್ಸ್‌ಲರ್‌ಗೆ ಖಚಿತವಾದದ್ದು ಮ್ಯಾಜಿಸ್ಟ್ರೇಟರ ಎದುರಿನಲ್ಲೇ.

“ಗಂಟೆಗೆ ಮೂವತ್ತೈದು ಮೈಲಿ ಮಿತಿಯ ರಸ್ತೆ. ಗಾಡಿ ಅರವತ್ತೊಂದರಲ್ಲಿ ಹೋಗ್ತಿತ್ತು,” ಎಂದರು ಆಕೆ, ಕನ್ನಡಕದ ಮೇಲಿಂದ ನೋಡುತ್ತ. “ಒಪ್ಕೋತೀಯಾ, ಹ್ಯಾಡ್ಲಿ?”

“ಒಪ್ಕೋತೀನಿ, ಮ್ಯಾಮ್.”

“ಯಾಕಷ್ಟು ಅವಸರ? ಹೇಳೋದಿದ್ರೆ ಹೇಳು, ಕೇಳ್ತೀನಿ.”

ಹದಿನಾರರ ಹುಡುಗಿ ಬಾಯಿ ತೆರೆಯುವ ಮುಂಚೆ ಅಜ್ಜನ ಕಡೆ ತಿರುಗಿ ನೋಡಿದಳು. ಒಂದೇ ಕ್ಷಣ. “ಹೇಳೋಕೆ ಏನೂ ಇಲ್ಲ.”

ಥರ್ಮನ್‌ಗೆ ಆ ನೋಟವೇ ಸಾಕಾಯಿತು. ಇವಳು ಯಾರನ್ನೋ ಕಾಪಾಡುತ್ತಿದ್ದಾಳೆ.

ತೊಂಬತ್ತು ದಿನ ಲೈಸೆನ್ಸ್ ಅಮಾನತು. ಜೊತೆಗೆ ದಂಡ, ಚಾಲಕರ ತರಗತಿ. ಹದಿನೆಂಟು ತುಂಬುವುದರೊಳಗೆ ಇನ್ನೊಂದು ಸಲ ಸಿಕ್ಕಿಬಿದ್ದರೆ ವರ್ಷಪೂರ್ತಿ ಅಮಾನತು. ಹ್ಯಾಡ್ಲಿ ತಕರಾರಿಲ್ಲದೆ ಲೈಸೆನ್ಸನ್ನು ಗುಮಾಸ್ತೆಯ ಮೇಜಿನ ಮೇಲಿಟ್ಟಳು. ಆಂಬುಲೆನ್ಸ್ ಓಡಿಸಬೇಕೆಂದು ಎಂಟನೆಯ ತರಗತಿಯಿಂದ ಜಪಿಸುತ್ತಿದ್ದವಳು. ಬೇಸಿಗೆಯಲ್ಲಿ ಅಗ್ನಿಶಾಮಕ ಠಾಣೆಯ ತರಬೇತಿಗೆ ಸೇರಬೇಕಿತ್ತು. ಲೈಸೆನ್ಸಿನ ಮೇಲೆ ಕಲೆ ಇದ್ದವರನ್ನು ಠಾಣೆ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ.

ಥರ್ಮನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಒಂದು ಸಲವೂ ಪೊಲೀಸರಿಂದ ದಂಡದ ಚೀಟಿ ಪಡೆದವನಲ್ಲ. ಇವಳಿಗೆ ಡ್ರೈವಿಂಗ್ ಕಲಿಸಿದವನೂ ಅವನೇ. ರಸ್ತೆಗೆ ಅಳಿಲು ಬಂದರೂ ಬ್ರೇಕ್ ಒತ್ತುವ ಹುಡುಗಿ ಅರವತ್ತೊಂದರಲ್ಲಿ ಹೋಗುವುದೆಂದರೇನು? ಅದಕ್ಕಿಂತ ಹೆಚ್ಚಾಗಿ, ಅವಳು ಸಿಕ್ಕಿಬಿದ್ದ ದಿನ ಸಂಜೆ ಅವಳ ಬೂಟುಗಳು ಮನೆಯ ಪಿಕಪ್ ಗಾಡಿಯಲ್ಲಿ ಚಾಲಕನ ಪಕ್ಕದ ಸೀಟಿನ ಕೆಳಗೆ ಸಿಕ್ಕಿದ್ದವು. ಬೇರೆಯವರು ಓಡಿಸುವಾಗ ಬೂಟು ಕಳಚಿ, ಕಾಲು ಮೇಲಿಟ್ಟು ಕೂರುವುದು ಅವಳ ಚಿಕ್ಕಂದಿನ ಚಾಳಿ.

ಆ ದಿನದಿಂದ ಪಿಕಪ್‌ನ ಕೀಲಿ ಗೋಡೆಯ ಮೊಳೆಯಲ್ಲಿ ಇರುತ್ತಿರಲಿಲ್ಲ, ಅವಳ ಜೇಬಿನಲ್ಲಿರುತ್ತಿತ್ತು. ನಿನ್ನೆ ಹಿತ್ತಲಲ್ಲಿ ಯಾರಿಗೋ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: “ಮತ್ತೆ ಕೇಳಿದ್ರೆ ಏನೂ ಹೇಳ್ಬೇಡಿ. ಪ್ಲೀಸ್.”

ಹೊರಗಿನ ಪಡಸಾಲೆಯಲ್ಲಿ ಅವನು ಅವಳ ತೋಳು ಹಿಡಿದು ನಿಲ್ಲಿಸಿದ. “ಯಾರವನು?”

“ಯಾರು?”

“ಅವತ್ತು ಗಾಡಿ ಓಡಿಸ್ತಿದ್ದೋನು. ನಾನು ಮನೇಲಿ ಬೀನ್ಸ್ ಬೇಯಿಸ್ಕೊಂಡು ನಿನಗೆ ಕಾಯ್ತಿದ್ದೆ. ನೀನು ಯಾವನ್ನೋ ಸ್ಟೀರಿಂಗ್ ಮುಂದೆ ಕೂರಿಸ್ಕೊಂಡು ಊರು ಸುತ್ತುತ್ತಿದ್ದೆ.”

ಹ್ಯಾಡ್ಲಿ ಅವನ ಕಾಲರ್ ಸರಿಮಾಡಿದಳು. “ಹೂಂ ಅಜ್ಜ. ಬೀನ್ಸ್ ಚೆನ್ನಾಗಿತ್ತು.”

“ಮಾತು ಮರೆಸ್ಬೇಡ.”

“ನಾನು ಮರೆಸ್ತಿಲ್ಲ,” ಎಂದಳು ಅವಳು ಮೆಲ್ಲಗೆ. “ಇಲ್ಲೇ ಕೂತಿರು. ತರಗತಿಗೆ ಹೆಸರು ಬರೆಸಿ ಬರ್ತೀನಿ. ಎಲ್ಲೂ ಹೋಗ್ಬೇಡ.”

ತಾಯಿ ತೀರಿಕೊಂಡಾಗ ಹ್ಯಾಡ್ಲಿಯನ್ನು ಅಜ್ಜನ ಸುಪರ್ದಿಗೆ ಒಪ್ಪಿಸಿದ್ದು ಇದೇ ಕಟ್ಟಡದಲ್ಲಿ. ಅವಳನ್ನು ನೋಡಿಕೊಳ್ಳುವುದು ತನ್ನ ಹೊಣೆ. ಯಾವನೋ ಪುಂಡನ ತಪ್ಪಿಗೆ ಅವಳು ಬದುಕು ಕೆಡಿಸಿಕೊಳ್ಳುವುದನ್ನು ನೋಡಿಕೊಂಡು ಕೂರುವುದಿಲ್ಲ. ಥರ್ಮನ್ ಟೊಪ್ಪಿ ಹಾಕಿಕೊಂಡು ಹೊರಬಿದ್ದ.

ಪೊಲೀಸರ ಚೀಟಿಯಲ್ಲಿ ಜಾಗ ನಮೂದಾಗಿತ್ತು: ನೋರೀನ್‌ಳ ಜಾನುವಾರು ಮೇವಿನ ಅಂಗಡಿಯ ಮುಂದೆ. ನ್ಯಾಯಾಲಯದಿಂದ ಅರ್ಧ ಮೈಲಿಯೂ ಇಲ್ಲ. ಅಂಗಡಿಯ ಸೂರಿನಡಿ ಒಂದು ಕ್ಯಾಮೆರಾ ರಸ್ತೆಯನ್ನೇ ದಿಟ್ಟಿಸುತ್ತದೆ. ಇದು ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಬುದ್ಧಿಯ ಬಗ್ಗೆಯೇ ಹೆಮ್ಮೆಯಾಯಿತು.

ನೋರೀನ್ ಕೋಳಿಮೇವಿನ ಚೀಲಗಳನ್ನು ಜೋಡಿಸುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಿದಳು.

“ಬಾ ಥರ್ಮನ್. ಕೂತ್ಕೋ.”

“ಕೂರೋಕೆ ಬಂದಿಲ್ಲ. ನಿನ್ನ ಕ್ಯಾಮೆರಾ ನೋಡ್ಬೇಕು. ಹ್ಯಾಡ್ಲಿ ಸಿಕ್ಕಿಬಿದ್ದ ದಿನದ್ದು.”

ಯಾವ ದಿನ, ಎಷ್ಟು ಹೊತ್ತಿಗೆ ಎಂದು ನೋರೀನ್ ಕೇಳಲಿಲ್ಲ. ಕೈ ಒರೆಸಿಕೊಂಡಳು. “ಹುಡುಗಿ ತೋರಿಸ್ಬೇಡಿ ಅಂದಿದಾಳೆ.”

“ಅಂದ್ರೆ ನಿನ್ನನ್ನೂ ತನ್ನ ಕಡೆ ಮಾಡ್ಕೊಂಡಿದಾಳೆ.” ಫೋನಿನ ಪಿಸುಮಾತು ಯಾರೊಂದಿಗೆ ಎಂದು ಈಗ ಅವನಿಗೆ ತಿಳಿಯಿತು. “ನಿನಗೂ ನಾಚಿಕೆ ಇಲ್ಲ. ಆ ಪುಂಡ ಯಾರು, ನೋಡ್ಲೇಬೇಕು.”

“ನೋಡಿದ್ರೆ ನಿನಗೆ ಸಂಕಟ ಆಗುತ್ತೆ.”

“ಆಗ್ಲಿ.”

ನೋರೀನ್ ನಿಟ್ಟುಸಿರು ಬಿಟ್ಟು ಗಲ್ಲಾದ ಹಿಂದಿನ ಪರದೆಯನ್ನು ಅವನ ಕಡೆ ತಿರುಗಿಸಿದಳು.

ಖಾಲಿ ರಸ್ತೆ. ತಿರುವಿನಲ್ಲಿ ನೀಲಿ ಪಿಕಪ್ ನುಗ್ಗಿ ಬಂತು, ಜಲ್ಲಿ ಚಿಮ್ಮಿಸುತ್ತ ಅಂಗಡಿಯ ಮುಂದೆ ಅಡ್ಡಾದಿಡ್ಡಿಯಾಗಿ ನಿಂತಿತು. ಪಕ್ಕದ ಬಾಗಿಲಿನಿಂದ ಹ್ಯಾಡ್ಲಿ ಬರಿಗಾಲಲ್ಲಿ ಜಿಗಿದು, ಗಾಡಿ ಸುತ್ತಿ ಓಡಿ, ಚಾಲಕನ ಬಾಗಿಲು ಎಳೆದಳು. ಒಳಗಿದ್ದವನನ್ನು ಎರಡೂ ಕೈಯಿಂದ ಹಿಡಿದು ಇಳಿಸಿದಳು. ಎತ್ತರದ ಆಳು. ಎಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡಿದ. ಹ್ಯಾಡ್ಲಿ ಅವನನ್ನು ಆಚೆ ಬದಿಗೆ ನಡೆಸಿ ಕೂರಿಸಿ, ಬೆಲ್ಟ್ ಹಾಕಿ, ಓಡಿ ಬಂದು ಸ್ಟೀರಿಂಗ್ ಮುಂದೆ ಕುಳಿತಳು. ಆಮೇಲೆ ತಿರುವಿನಲ್ಲಿ ಪೊಲೀಸ್ ಗಾಡಿಯ ದೀಪ ಕಾಣಿಸಿತು.

ನೋರೀನ್ ಚಿತ್ರ ನಿಲ್ಲಿಸಿದಳು. ಥರ್ಮನ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಪಕ್ಕದ ಸೀಟಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದ ಮುದುಕ ತಾನೇ.



“ಇದು ಗೊತ್ತಾದ್ರೆ ನಿನ್ನನ್ನ ಯಾವುದಾದ್ರೂ ಆಶ್ರಮಕ್ಕೆ ಸೇರಿಸ್ತಾರೆ, ತನ್ನನ್ನ ಬೇರೆ ಮನೆಗೆ ಕಳಿಸ್ತಾರೆ ಅಂತ ಅವಳಿಗೆ ಭಯ,” ಎಂದಳು ನೋರೀನ್.

“ಮಗು ಅದು.” ಥರ್ಮನ್ ಗಲ್ಲಾ ಹಿಡಿದು ನೆಟ್ಟಗೆ ನಿಂತ. “ಈಗಲೇ ಹೋಗ್ತೀನಿ. ಓಡಿಸಿದ್ದು ನಾನು ಅಂತ ಮ್ಯಾಜಿಸ್ಟ್ರೇಟರಿಗೆ ಹೇಳ್ತೀನಿ.”

“ಸೋಮವಾರವೂ ಇದನ್ನು ನೋಡಿ ಇದೇ ಮಾತು ಹೇಳಿ ಹೋದೆ, ಥರ್ಮನ್. ಬುಧವಾರವೂ,” ಎಂದಳು ನೋರೀನ್, ಅಂಗಡಿಯ ಬೀಗ ಕೈಗೆತ್ತಿಕೊಳ್ಳುತ್ತ. “ಈ ಸಲ ನಾನೂ ಬರ್ತೀನಿ.”